ಟರ್ನ್‌ಟೇಬಲಿನ ಫೋನೋ ಪ್ರೀಆಂಪ್ ಬದಲಾಯಿಸುವುದು ಹೇಗೆ: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ರೆಕಾರ್ಡು ತಿರುಗಿಸುವ ಟರ್ನ್‌ಟೇಬಲಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ ಪ್ರೀಆಂಪ್ ಬದಲಾಯಿಸಬೇಕು ಅಂತ ಹೊರಟವರು ಮೊದಲು ನೋಡುವುದು ಬೆಲೆ. ಐದು ಸಾವಿರದ್ದಕ್ಕಿಂತ ಇಪ್ಪತ್ತು ಸಾವಿರದ್ದು ಚೆನ್ನಾಗಿಯೇ ಇರಬೇಕಲ್ವಾ ಎಂಬ ಲೆಕ್ಕ. ಮಂಗಳೂರು, ಉಡುಪಿ ಕಡೆಯ ಗೆಳೆಯರ ಮನೆಗಳಲ್ಲಿ ನಾನು ಕಂಡದ್ದು ಬೇರೆ. ಕಾರ್ಟ್ರಿಜ್‌ಗೆ, ಅಂದರೆ ಸೂಜಿಯ ಕಂಪನವನ್ನು ಸಿಗ್ನಲ್ ಮಾಡುವ ಸಣ್ಣ ಭಾಗಕ್ಕೆ, ಹೊಂದುವ ಸಾಧಾರಣ ಪ್ರೀಆಂಪ್, ಅರ್ಥಿಂಗ್ ಸರಿಯಿರುವ ಮನೆಯಲ್ಲಿ, ಹೊಂದದ ದುಬಾರಿ ಪ್ರೀಆಂಪಿಗಿಂತ ಎಷ್ಟೋ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಮಾದರಿಗಳ ಹೆಸರು ಕಡಿಮೆ. ನಾಲ್ಕು ಅಂಕಿಗಳ ಬಗ್ಗೆ, ಗೋಡೆಯ ಪ್ಲಗ್ಗಿನ ಬಗ್ಗೆ, ಉಪ್ಪುಗಾಳಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಪ್ರೀಆಂಪ್ ಮಾಡುವ ಕೆಲಸ

ಸೂಜಿ ರೆಕಾರ್ಡಿನ ಗೀರಿನಲ್ಲಿ ಓಡುವಾಗ ಎಂಎಂ, ಅಂದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಹೊರಬರುವುದು ಬರೀ 3ರಿಂದ 6 ಮಿಲಿವೋಲ್ಟ್. ಆಂಪ್ಲಿಫೈಯರಿನ ಆಕ್ಸ್ ಅಥವಾ ಸಿಡಿ ಇನ್‌ಪುಟ್‌ಗೆ ಸುಮಾರು 300 ಮಿಲಿವೋಲ್ಟ್ ಆದರೂ ಬೇಕು. ಈ ಅಂತರ ತುಂಬುವುದು ಪ್ರೀಆಂಪಿನ ಮೊದಲ ಕೆಲಸ.

ಎರಡನೆಯದು ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ) ಈಕ್ವಲೈಸೇಷನ್, ಅಂದರೆ ಬಾಸ್, ಟ್ರೆಬಲ್ ಎರಡನ್ನೂ ಮತ್ತೆ ಸಮ ಮಾಡುವುದು. ರೆಕಾರ್ಡು ಕತ್ತರಿಸುವಾಗ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಬಾಸನ್ನು ಹಾಗೇ ಬಿಟ್ಟರೆ ಗೀರು ಅಗಲವಾಗಿ, ಒಂದು ಬದಿಯಲ್ಲಿ ಇಷ್ಟು ಹೊತ್ತಿನ ಹಾಡು ಹಿಡಿಸುವುದಿಲ್ಲ. ಟ್ರೆಬಲ್ ಏರಿಸಿ ಕತ್ತರಿಸಿದ್ದರೆ, ಕೇಳುವಾಗ ಅದನ್ನು ಇಳಿಸುವ ಹೊತ್ತಿಗೆ ರೆಕಾರ್ಡಿನ ಮೇಲ್ಮೈಯ ಸರಸರ ಸದ್ದೂ ಜೊತೆಗೇ ಇಳಿಯುತ್ತದೆ. 1954ರಲ್ಲಿ ಅಮೆರಿಕದಲ್ಲಿ ಗಟ್ಟಿಯಾದ ಈ ಏರಿಳಿತದ ರೇಖೆಯೇ ಆಮೇಲೆ ಎಲ್‌ಪಿಗಳ ಲೋಕಕ್ಕೆಲ್ಲ ನಿಯಮವಾಯಿತು. ಪ್ರೀಆಂಪ್ ಅದನ್ನು ಉಲ್ಟಾ ಮಾಡುತ್ತದೆ: 1,000 ಹರ್ಟ್ಜ್‌ಗೆ ಹೋಲಿಸಿದರೆ 20 ಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ, 20,000 ಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ.

ನಮ್ಮ ತಲೆನೋವು ಶುರುವಾಗುವುದೂ ಇಲ್ಲೇ. ಮನೆಯ ಕರೆಂಟು 50 ಹರ್ಟ್ಜ್. ಆರ್‌ಐಎಎ ರೇಖೆ 50 ಹರ್ಟ್ಜ್ ಅನ್ನು ಸುಮಾರು 17 ಡೆಸಿಬೆಲ್, ಅಂದರೆ 7 ಪಟ್ಟು ಏರಿಸುತ್ತದೆ. ಪ್ರೀಆಂಪಿನ ಗೇನ್ (ಸಿಗ್ನಲನ್ನು ದೊಡ್ಡದು ಮಾಡುವ ಪ್ರಮಾಣ) 40 ಡೆಸಿಬೆಲ್ ಅಂದರೆ 100 ಪಟ್ಟು. ಎರಡನ್ನೂ ಗುಣಿಸಿ ನೋಡಿ. ತಂತಿಯೊಳಗೆ ನುಸುಳಿದ ಕರೆಂಟಿನ ಗುಂಯ್ ಸದ್ದು 700 ಪಟ್ಟು ದೊಡ್ಡದಾಗಿ ಆಂಪ್ಲಿಫೈಯರಿಗೆ ಹೋಗುತ್ತದೆ. ಅದೇ ಮನೆ, ಅದೇ ಪ್ಲಗ್ಗು, ಸಿಡಿ ಪ್ಲೇಯರ್ ಶುದ್ಧವಾಗಿ ಹಾಡುತ್ತದೆ, ಟರ್ನ್‌ಟೇಬಲ್ ಮಾತ್ರ ಗುಂಯ್ ಅನ್ನುತ್ತದೆ ಅಂತ ಬೇಸರಪಡುವವರಿಗೆ ಉತ್ತರ ಈ ಗುಣಾಕಾರದಲ್ಲೇ ಉಂಟು.

ಹಂತ 1: ಈಗ ನಿಮ್ಮಲ್ಲಿ ಏನಿದೆ ನೋಡಿ

ಟರ್ನ್‌ಟೇಬಲಿನ ಹಿಂಭಾಗ ನೋಡಿ. ಫೋನೋ/ಲೈನ್ ಎಂಬ ಸಣ್ಣ ಸ್ವಿಚ್ ಇದ್ದರೆ ಒಳಗೆ ಪ್ರೀಆಂಪ್ ಇದೆ ಅಂತ ಅರ್ಥ. ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್, ಎಲ್‌ಪಿ120ಎಕ್ಸ್ ತರಹದವುಗಳಲ್ಲಿ ಇದು ಇರುತ್ತದೆ. ಸ್ವಿಚ್ ಇಲ್ಲದೆ ಎರಡು ಆರ್‌ಸಿಎ (ಕೆಂಪು, ಬಿಳಿ ಆಡಿಯೋ ಪ್ಲಗ್ಗು) ಮತ್ತು ಒಂದು ಅರ್ಥ್ ತಂತಿ ಮಾತ್ರ ಇದ್ದರೆ, ಒಳಗೆ ಪ್ರೀಆಂಪ್ ಇರುವುದು ಅಪರೂಪ. ಆಮೇಲೆ ಆಂಪ್ಲಿಫೈಯರ್ ನೋಡಿ. ಹಿಂದೆ ಫೋನೋ ಅಂತ ಬರೆದ ಜೋಡಿ ಸಾಕೆಟ್ಟು, ಪಕ್ಕದಲ್ಲಿ ತಿರುಪಿನ ಅರ್ಥ್ ಟರ್ಮಿನಲ್ ಇದ್ದರೆ ಅದರೊಳಗೂ ಒಂದು ಪ್ರೀಆಂಪ್ ಇದೆ. ಎಪ್ಪತ್ತು, ಎಂಬತ್ತರ ದಶಕದ ಆಂಪ್ಲಿಫೈಯರ್ ಅಟ್ಟದಲ್ಲಿದ್ದರೆ ಎಸೆಯಬೇಡಿ. ಆ ಕಾಲದ ಫೋನೋ ವಿಭಾಗಗಳು ಎಷ್ಟೋ ಸಲ ಈಗಿನ ಅಗ್ಗದ ಪೆಟ್ಟಿಗೆಗಳಿಗಿಂತ ಉತ್ತಮ, ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಾಯಿಸಿಕೊಂಡರೆ ಸಾಕು.

ಎರಡು ಪ್ರೀಆಂಪ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಬಾರದು. ಹೊಸದನ್ನು ತಂದು, ಟರ್ನ್‌ಟೇಬಲಿನ ಸ್ವಿಚ್ಚನ್ನು ಲೈನ್‌ನಲ್ಲೇ ಬಿಟ್ಟರೆ ಈಕ್ವಲೈಸೇಷನ್ ಎರಡು ಸಲ ಆಗಿ, ಬಾಸ್ ಗುಡುಗಿ, ದನಿ ಒಡೆದು ಕೇಳಿಸುತ್ತದೆ. ಹೊಸ ಪ್ರೀಆಂಪ್ ಹಾಳು ಅಂತ ವಾಪಸ್ ಕಳಿಸುವ ಮೊದಲು ಈ ಸ್ವಿಚ್ ನೋಡಿ.

ಇನ್ನೊಂದು. ಅಜ್ಜನ ಕಾಲದ ಎಚ್‌ಎಂವಿ ಫಿಯೆಸ್ಟಾ ಅಥವಾ ಈಗ ಮಾರುವ ಸೂಟ್‌ಕೇಸ್ ಪ್ಲೇಯರ್ ನಿಮ್ಮದಾದರೆ, ಅದರಲ್ಲಿರುವುದು ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಫೋನೋ ಪ್ರೀಆಂಪೇ ಬೇಡ. ಜೋಡಿಸಿದರೆ ಕೇಳಲಿಕ್ಕಾಗುವುದಿಲ್ಲ. ಈ ಮಾರ್ಗದರ್ಶಿ ನಿಮಗೆ ಉಪಯೋಗಕ್ಕೆ ಬರಬೇಕಾದರೆ ಮೊದಲು ಟರ್ನ್‌ಟೇಬಲನ್ನೇ ಬದಲಾಯಿಸಬೇಕು.

ಹಂತ 2: ತಪ್ಪು ಪ್ರೀಆಂಪಿನದ್ದೇ ಹೌದಾ?

ದುಡ್ಡು ಬಿಚ್ಚುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ಸೂಜಿಯನ್ನು ರೆಕಾರ್ಡಿನಿಂದ ಎತ್ತಿ, ದಿನಾ ಕೇಳುವಷ್ಟೇ ವಾಲ್ಯೂಮ್ ಇಟ್ಟು ಸ್ಪೀಕರಿನ ಹತ್ತಿರ ಕೂತುಕೊಳ್ಳಿ. ಸ್ಸ್ ಎಂಬ ಸದ್ದು ನೀವು ದಿನಾ ಕೂರುವ ಜಾಗಕ್ಕೂ ಕೇಳಿಸುತ್ತದೆ ಅಂದರೆ ಪ್ರೀಆಂಪ್ ದುರ್ಬಲ, ಬದಲಾಯಿಸಿದರೆ ಲಾಭ ಉಂಟು. ಗುಂಯ್ ಕೇಳಿಸಿದರೆ ಅದು ಹೆಚ್ಚಾಗಿ ಅರ್ಥಿಂಗಿನ ಕಥೆ. ಹೊಸ ಪ್ರೀಆಂಪ್ ತಂದರೂ ಅದೇ ಗುಂಯ್ ಜೊತೆಗೆ ಬರುತ್ತದೆ.

ಹಾಡು ಓಡುವಾಗ ಮಾತ್ರ ದನಿ ಒಡೆದರೆ, ಅದೂ ರೆಕಾರ್ಡಿನ ಒಳಸುತ್ತಿನ ಕೊನೆಯ ಹಾಡಿನಲ್ಲಿ ಒಡೆದರೆ, ಸೂಜಿ ಸವೆದಿರಬಹುದು ಅಥವಾ ಕಾರ್ಟ್ರಿಜ್ ಕೂರಿಸಿದ ಕೋನ ತಪ್ಪಿರಬಹುದು. ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಸೂಜಿಗೆ ಆಡಿಯೋ-ಟೆಕ್ನಿಕಾ ಕೊಡುವ ಆಯುಷ್ಯ ಸುಮಾರು 300 ಗಂಟೆ. ದಿನಕ್ಕೊಂದು ಎಲ್‌ಪಿ ಕೇಳುವವರಿಗೆ ಅದು ಒಂದು ವರ್ಷ ಚಿಲ್ಲರೆ ಅಷ್ಟೇ. ಸೂಜಿಯ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ. ಕಾರ್ಟ್ರಿಜ್ ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇ ಆದರೆ 2 ಗ್ರಾಂ, ಆರ್ಟೊಫಾನ್ 2ಎಂ ರೆಡ್ ಆದರೆ 1.8 ಗ್ರಾಂ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕೈಯಲ್ಲಿ ಒಂದೇ ಕೆಲಸಕ್ಕಾಗುವಷ್ಟು ದುಡ್ಡಿದ್ದು, ಸೂಜಿ ಹಳೆಯದಾಗಿದ್ದರೆ, ಸೂಜಿಗೇ ಹಾಕಿ. ವಿಎಂ95 ಸರಣಿಯಲ್ಲಿ ಅದೇ ಕಾರ್ಟ್ರಿಜ್‌ಗೆ ಇನ್ನೂ ನವಿರಾದ ತುದಿಯ ಮೈಕ್ರೋಲೀನಿಯರ್ ಸೂಜಿ ಕೂರುತ್ತದೆ, 2ಎಂ ರೆಡ್‌ಗೆ 2ಎಂ ಬ್ಲೂ ಸೂಜಿ ಕೂರುತ್ತದೆ. ಅದರಿಂದ ಸಿಗುವ ವ್ಯತ್ಯಾಸ ಪ್ರೀಆಂಪಿನಿಂದ ಸಿಗುವುದಕ್ಕಿಂತ ದೊಡ್ಡದು.

ಹಂತ 3: ನಾಲ್ಕು ಅಂಕಿ ಬರೆದುಕೊಳ್ಳಿ

ಕಾರ್ಟ್ರಿಜ್ ಜೊತೆ ಬಂದ ಕಾಗದದಲ್ಲಿ ಇವು ಇರುತ್ತವೆ, ಇಲ್ಲದಿದ್ದರೆ ಕಂಪನಿಯ ಸೈಟಿನಲ್ಲಿ ಸಿಗುತ್ತವೆ. ಔಟ್‌ಪುಟ್ ವೋಲ್ಟೇಜ್, ಲೋಡ್ ರೆಸಿಸ್ಟೆನ್ಸ್ (ಪ್ರೀಆಂಪ್ ಕಾರ್ಟ್ರಿಜ್‌ಗೆ ಒಡ್ಡುವ ತಡೆ), ಲೋಡ್ ಕೆಪಾಸಿಟೆನ್ಸ್ (ಕೇಬಲೂ ಪ್ರೀಆಂಪೂ ಹಿಡಿದಿಡುವ ವಿದ್ಯುತ್ತಿನ ಅಳತೆ). ನಾಲ್ಕನೆಯದು ಪ್ರೀಆಂಪಿನ ಕಡೆಯದು, ಗೇನ್.

ಗೇನ್ ಲೆಕ್ಕ ಸುಲಭ. 40 ಡೆಸಿಬೆಲ್ ಅಂದರೆ 100 ಪಟ್ಟು, 60 ಅಂದರೆ 1,000 ಪಟ್ಟು. ವಿಎಂ95ಇ 4 ಮಿಲಿವೋಲ್ಟ್ ಕೊಡುತ್ತದೆ, 100ರಿಂದ ಗುಣಿಸಿದರೆ 400. 2ಎಂ ರೆಡ್ 5.5 ಕೊಡುತ್ತದೆ, 550 ಆಯಿತು. ಎರಡಕ್ಕೂ 40 ಡೆಸಿಬೆಲ್ ಸಾಕು. 0.3 ಮಿಲಿವೋಲ್ಟ್ ಕೊಡುವ ಎಂಸಿ, ಅಂದರೆ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಆದರೆ 40 ಡೆಸಿಬೆಲ್‌ನಲ್ಲಿ ಬರೀ 30 ಮಿಲಿವೋಲ್ಟ್ ಸಿಗುತ್ತದೆ. ಅದಕ್ಕೆ 60 ಬೇಕು. ಗೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಕಾಗದದಲ್ಲಿ ಬರೆದ 4 ಮಿಲಿವೋಲ್ಟ್ ಒಂದು ನಿಗದಿತ ಮಟ್ಟದ ಟೆಸ್ಟ್ ಸದ್ದಿಗೆ ಮಾತ್ರ. ಜೋರಾದ ಚೆಂಡೆ ಪೆಟ್ಟಿಗೋ ತಾರಕದ ದನಿಗೋ ಅದು ನಾಲ್ಕೈದು ಪಟ್ಟು ಮೇಲೆ ಹಾರಬಹುದು. ಎಂಎಂ ಇನ್‌ಪುಟ್ ಕನಿಷ್ಠ 40 ಮಿಲಿವೋಲ್ಟ್ ತಡೆದುಕೊಳ್ಳಬೇಕು. ಈ ಓವರ್‌ಲೋಡ್ ಅಂಕಿಯನ್ನು ಬರೆಯದೇ ಇರುವ ತಯಾರಕರ ಪೆಟ್ಟಿಗೆಯನ್ನು ನಾನು ಕೊಳ್ಳುವುದಿಲ್ಲ.

ಲೋಡ್ ರೆಸಿಸ್ಟೆನ್ಸ್ ಎಂಎಂಗೆ 47 ಕಿಲೋಓಮ್, ಎಲ್ಲರೂ ಅದನ್ನೇ ಕೊಡುತ್ತಾರೆ. ಮುಂದಕ್ಕೆ ಹೋಗೋಣ.

ಕೆಪಾಸಿಟೆನ್ಸ್ ಎಲ್ಲರೂ ಬಿಟ್ಟುಬಿಡುವ ಅಂಕಿ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಕಾರ್ಟ್ರಿಜ್‌ನ ಒಳಗಿರುವುದು ತಂತಿಯ ಸುರುಳಿ. ಸುರುಳಿಗೂ ಕೇಬಲಿನ ಕೆಪಾಸಿಟೆನ್ಸಿಗೂ ಸೇರಿ ಟ್ರೆಬಲಿನಲ್ಲಿ ಒಂದು ಅನುರಣನ ಹುಟ್ಟುತ್ತದೆ, ಅಂದರೆ ಆ ಜಾಗದ ಸದ್ದು ಉಬ್ಬುತ್ತದೆ. ವಿಎಂ95ಇಯ ಸುರುಳಿ 550 ಮಿಲಿಹೆನ್ರಿ. ಒಟ್ಟು ಕೆಪಾಸಿಟೆನ್ಸ್ 150 ಪಿಕೋಫ್ಯಾರಡ್ ಇದ್ದರೆ ಈ ಅನುರಣನ ಸುಮಾರು 17,500 ಹರ್ಟ್ಜ್‌ನಲ್ಲಿ ಬರುತ್ತದೆ, ಕಿವಿಗೆ ಅಷ್ಟು ತಾಗುವುದಿಲ್ಲ. ಅದೇ 250 ಆದರೆ 13,500ರ ಹತ್ತಿರಕ್ಕೆ ಇಳಿಯುತ್ತದೆ. ಆಗ ಸ, ಶ ಅಕ್ಷರಗಳು ಚುಚ್ಚತೊಡಗುತ್ತವೆ, ತಾಳದ ಸದ್ದು ಗಾಜು ಒಡೆದಂತೆ ಕೇಳಿಸುತ್ತದೆ, ಅದಕ್ಕಿಂತ ಮೇಲಿನದ್ದೆಲ್ಲ ಮಂಕಾಗುತ್ತದೆ. ಎಷ್ಟೋ ಜನ ಇದನ್ನೇ ಕಾರ್ಟ್ರಿಜ್‌ನ ಗುಣ ಅಂದುಕೊಂಡಿರುತ್ತಾರೆ.

ಈ ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು 100ರಿಂದ 200 ಪಿಕೋಫ್ಯಾರಡ್. 2ಎಂ ಸರಣಿಗೆ ಆರ್ಟೊಫಾನ್ ಹೇಳುವುದು 150ರಿಂದ 300. ನೆನಪಿಡಿ, ಇದು ಒಟ್ಟು ಮೊತ್ತ: ಟೋನ್‌ಆರ್ಮ್ (ಸೂಜಿ ಹಿಡಿದ ತೋಳು) ಒಳಗಿನ ತಂತಿ, ಆರ್‌ಸಿಎ ಕೇಬಲ್, ಪ್ರೀಆಂಪಿನ ಇನ್‌ಪುಟ್ ಮೂರೂ ಸೇರಿ. ಸಾಮಾನ್ಯ ಆರ್‌ಸಿಎ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ. ಪ್ರೀಆಂಪಿನಲ್ಲೇ 200 ಇದ್ದರೆ ಆಡಿಯೋ-ಟೆಕ್ನಿಕಾ ಕಾರ್ಟ್ರಿಜ್ ಇರುವವರಿಗೆ ಅದು ಹೊಂದುವುದಿಲ್ಲ, ಬೆಲೆ ಎಷ್ಟೇ ಇರಲಿ. ಚಿಕ್ಕ ಕೇಬಲ್, 100 ಅಥವಾ ಅದಕ್ಕಿಂತ ಕಡಿಮೆಯ ಇನ್‌ಪುಟ್, ಇಷ್ಟು ನೋಡಿಕೊಳ್ಳಿ.

ಎಂಸಿ ಇರುವವರಿಗೆ ಕೆಪಾಸಿಟೆನ್ಸಿನ ಚಿಂತೆ ಹೆಚ್ಚಿಲ್ಲ. ಅವರು ನೋಡಬೇಕಾದದ್ದು ಲೋಡ್ ರೆಸಿಸ್ಟೆನ್ಸ್, ಅದು ಕಾಯಿಲಿನ ಇಂಪೀಡೆನ್ಸಿನ (ಕಾಯಿಲಿನದ್ದೇ ತಡೆಯ) ಹತ್ತು ಪಟ್ಟು ಇದ್ದರೆ ಸಾಕು.

ಹಂತ 4: ಆಯ್ಕೆ

ಮೊದಲ ಸಲ ಬದಲಾಯಿಸುವವರಿಗೆ ಸ್ವಿಚ್‌ಗಳಿರುವ ಪೆಟ್ಟಿಗೆಯೇ ಒಳ್ಳೆಯದು. ಆರ್ಟ್ ಡಿಜೆ ಪ್ರೀ 2ರಲ್ಲಿ ಕೆಪಾಸಿಟೆನ್ಸ್ 100, 200 ಅಂತ ಬದಲಾಯಿಸಬಹುದು, ಗೇನ್ ತಿರುಗಿಸಬಹುದು, ಲೋ ಕಟ್ ಸ್ವಿಚ್ಚೂ ಇದೆ. ಶೀಟ್ ಮಾನಿ 2ರಲ್ಲಿ ಗೇನನ್ನು 33, 42, 48, 60 ಡೆಸಿಬೆಲ್ ಅಂತ ಆರಿಸಿಕೊಳ್ಳಬಹುದು, ಮುಂದೆ ಎಂಸಿಗೆ ಹೋದರೂ ಅದೇ ಸಾಕು. ಪ್ರೊ-ಜೆಕ್ಟ್, ರೇಗಾ, ಕೇಂಬ್ರಿಜ್ ಆಡಿಯೋ ಇವರದ್ದೂ ಒಳ್ಳೆಯ ಪೆಟ್ಟಿಗೆಗಳಿವೆ. ಯಾವುದೇ ಇರಲಿ, ಮೇಲಿನ ನಾಲ್ಕು ಅಂಕಿ ಹೊಂದಬೇಕು.

ಲೋ ಕಟ್, ಅಥವಾ ಸಬ್‌ಸಾನಿಕ್ ಫಿಲ್ಟರ್ ನಮ್ಮ ಕಡೆ ನಿಜವಾಗಿ ಬೇಕು. ಇಲ್ಲಿ ಸಿಗುವ ಹಳೆಯ ಎಲ್‌ಪಿಗಳಲ್ಲಿ ಬಹಳಷ್ಟು ಸೆಕೆಗೆ, ಅಟ್ಟದ ಬಿಸಿಗೆ ಸೊಟ್ಟಗಾಗಿರುತ್ತವೆ. ಸೊಟ್ಟ ರೆಕಾರ್ಡು ತಿರುಗುವಾಗ ಕೆಲವೇ ಹರ್ಟ್ಜ್‌ನ ಅಲೆ ಹುಟ್ಟುತ್ತದೆ. ಕಿವಿಗೆ ಕೇಳುವುದಿಲ್ಲ, ಆದರೆ ಸ್ಪೀಕರಿನ ಬಲೆ ತೆಗೆದು ನೋಡಿದರೆ ವೂಫರ್ ಉಸಿರಾಡಿದ ಹಾಗೆ ಒಳಗೆ ಹೊರಗೆ ಹೋಗುತ್ತಾ ಇರುತ್ತದೆ. ಆಂಪ್ಲಿಫೈಯರಿನ ಶಕ್ತಿ ಅಲ್ಲೇ ಪೋಲು. ಫಿಲ್ಟರ್ ಹಾಕಿದ ಕೂಡಲೇ ಆ ಆಟ ನಿಲ್ಲುತ್ತದೆ, ಬಾಸೂ ಬಿಗಿಯಾಗುತ್ತದೆ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ, ಬರುವಾಗ ತನ್ನಿ ಅಂತ ಹೇಳುವುದು ರೂಢಿ. ದುಬೈಯಿಂದ ತಂದದ್ದು 230 ವೋಲ್ಟಿಗೆ ಸರಿಹೋಗುತ್ತದೆ, ಚೌಕ ಪಿನ್ನಿಗೆ ಒಂದು ಒಳ್ಳೆಯ ಕನ್ವರ್ಟರ್ ಪ್ಲಗ್ಗು ಸಾಕು. ಅಮೆರಿಕದಿಂದ ತಂದದ್ದಾದರೆ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದದೆ ಪ್ಲಗ್ಗಿಗೆ ಹಾಕಲೇಬೇಡಿ. 120 ವೋಲ್ಟ್ ಮಾತ್ರ ಅಂತಿದ್ದರೆ ಇಲ್ಲಿ ಸುಟ್ಟುಹೋಗುತ್ತದೆ. ಬೇರೆ ಅಡಾಪ್ಟರ್ ಹಾಕುವಾಗ ವೋಲ್ಟೇಜ್ ಮಾತ್ರ ನೋಡಿದರೆ ಸಾಲದು. ಕೆಲವು ಪ್ರೀಆಂಪ್‌ಗಳಿಗೆ ಎಸಿ ಔಟ್‌ಪುಟ್ ಬೇಕು, ಕೆಲವಕ್ಕೆ ಡಿಸಿ. ಡಿಸಿ ಆದರೆ ಪ್ಲಸ್ ಒಳಗಾ ಹೊರಗಾ ಅನ್ನುವ ಚಿತ್ರ ಎರಡರಲ್ಲೂ ಒಂದೇ ಇರಬೇಕು.

ಹಂತ 5: ಗೋಡೆಯ ಪ್ಲಗ್ಗು

ಹೊಸ ಪೆಟ್ಟಿಗೆ ಬರುವ ಮೊದಲೇ ಈ ಕೆಲಸ ಮುಗಿಸಿ. ಹಳೆಯ ಹಂಚಿನ ಮನೆಗಳಲ್ಲಿ ಮೂರನೆಯ ಪಿನ್ನಿನ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಕೆಲವು ಕಡೆ ನ್ಯೂಟ್ರಲ್‌ಗೇ ಜೋಡಿಸಿಬಿಟ್ಟಿರುತ್ತಾರೆ, ಅದು ಜೀವಕ್ಕೇ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಫೇಸಿಗೂ ಅರ್ಥಿಗೂ ನಡುವೆ ಸಿಗುವ ವೋಲ್ಟೇಜ್, ಫೇಸಿಗೂ ನ್ಯೂಟ್ರಲಿಗೂ ನಡುವಿನಷ್ಟೇ ಹತ್ತಿರಹತ್ತಿರ ಇರಬೇಕು. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು.

ನಮ್ಮ ಕೆಂಪುಕಲ್ಲಿನ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಇಳಿದುಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಮಾರ್ಚ್, ಏಪ್ರಿಲ್ ಹೊತ್ತಿಗೆ ಸೋಲುತ್ತದೆ. ಬೇಸಿಗೆಯಲ್ಲಿ ಮಾತ್ರ ಗುಂಯ್ ಬರುತ್ತದೆ ಅನ್ನುವವರು ಅರ್ಥ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ನೋಡಿ. ಇದ್ದಲು, ಉಪ್ಪು ಹಾಕಿ ಮಾಡಿದ ಹಳೆಯ ಗುಂಡಿಯಾದರೆ ಅದನ್ನು ಹೊಸದಾಗಿ ಮಾಡಿಸುವುದೇ ಒಳ್ಳೆಯದು. ಇದು ಸಂಗೀತಕ್ಕೆ ಮಾತ್ರ ಅಲ್ಲ, ಮನೆಯವರ ಸುರಕ್ಷತೆಗೂ ಬೇಕು ಮಾರಾಯ್ರೆ.

ಗುಂಯ್ ಹೋಗಲಿ ಅಂತ ಆಂಪ್ಲಿಫೈಯರಿನ ಮೂರನೆಯ ಪಿನ್ ಕತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ.

ಹಂತ 6: ಜೋಡಿಸುವುದು

ಎಲ್ಲವನ್ನೂ ಆಫ್ ಮಾಡಿ, ವಾಲ್ಯೂಮ್ ಸೊನ್ನೆಗೆ ತನ್ನಿ. ಟರ್ನ್‌ಟೇಬಲಿನ ಸ್ವಿಚ್ ಫೋನೋ ಕಡೆಗೆ ತಳ್ಳಿ. ಕೆಲವು ಹಳೆಯ ಟರ್ನ್‌ಟೇಬಲ್‌ಗಳಲ್ಲಿ ಸ್ವಿಚ್ ತಳ್ಳಿದರೂ ಒಳಗಿನ ಬೋರ್ಡು ಸಿಗ್ನಲಿಗೆ ಅಂಟಿಕೊಂಡೇ ಇದ್ದು ಕೆಪಾಸಿಟೆನ್ಸ್ ಏರಿಸುತ್ತದೆ. ಅದನ್ನು ಪೂರ್ತಿ ತೆಗೆಯಲು ಬೆಸುಗೆ ಕೆಲಸ ಗೊತ್ತಿರುವವರೇ ಬೇಕು.

ಟರ್ನ್‌ಟೇಬಲಿನ ಆರ್‌ಸಿಎ ಪ್ರೀಆಂಪಿನ ಇನ್‌ಪುಟ್‌ಗೆ, ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ತೆಳ್ಳಗಿನ ಅರ್ಥ್ ತಂತಿಯನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಾಗಿ ಕಟ್ಟಿ. ಪ್ರೀಆಂಪಿನ ಔಟ್‌ಪುಟ್ ಆಂಪ್ಲಿಫೈಯರಿನ ಆಕ್ಸ್ ಅಥವಾ ಸಿಡಿಗೆ ಹೋಗಬೇಕು, ಫೋನೋಗೆ ಅಲ್ಲ. ಉದ್ದದ ಕೇಬಲ್ ಬೇಕೇ ಬೇಕು ಅಂತಾದರೆ ಅದು ಪ್ರೀಆಂಪಿನ ಆಚೆ ಬದಿ ಇರಲಿ, ಟರ್ನ್‌ಟೇಬಲಿನ ಬದಿಯದ್ದು ಚಿಕ್ಕದೇ ಇರಲಿ.

ಇಡುವ ಜಾಗ ಮುಖ್ಯ. ಆಂಪ್ಲಿಫೈಯರಿನ ಮೇಲೆ ಇಡಬೇಡಿ, ಅದರೊಳಗಿನ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ನೇರವಾಗಿ ತಾಗುತ್ತದೆ. ಸ್ಟೆಬಿಲೈಸರ್, ಇನ್ವರ್ಟರ್, ವೈಫೈ ರೂಟರ್ ಇವುಗಳಿಂದ ದೂರ ಇರಲಿ. ಸಿಗ್ನಲ್ ಕೇಬಲ್ಲನ್ನೂ ಕರೆಂಟಿನ ವಯರನ್ನೂ ಒಟ್ಟಿಗೆ ಕಟ್ಟಬೇಡಿ. ಅಡ್ಡ ಬರಲೇಬೇಕಾದರೆ ಒಂದರ ಮೇಲೊಂದು ಕತ್ತರಿಯಾಗಿ ಹಾದುಹೋಗಲಿ. ಟರ್ನ್‌ಟೇಬಲ್, ಪ್ರೀಆಂಪ್, ಆಂಪ್ಲಿಫೈಯರ್ ಮೂರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟು ತೆಗೆದುಕೊಳ್ಳಲಿ.

ಆನ್ ಮಾಡುವಾಗ ಪ್ರೀಆಂಪ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಉಲ್ಟಾ. ಇಲ್ಲದಿದ್ದರೆ ಢಬ್ ಅಂತ ಸ್ಪೀಕರಿಗೆ ಪೆಟ್ಟು ಬೀಳುತ್ತದೆ.

ಹಂತ 7: ಗುಂಯ್ ಬಂದರೆ

ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು, ಒಟ್ಟಿಗೇ ಎಲ್ಲವನ್ನೂ ಅಲುಗಾಡಿಸಿದರೆ ಕಾರಣ ಸಿಗುವುದಿಲ್ಲ. ಮೊದಲು ಟೋನ್‌ಆರ್ಮನ್ನು ಬೆರಳಿನಿಂದ ಮುಟ್ಟಿ. ಮುಟ್ಟಿದಾಗ ಸದ್ದು ಬದಲಾದರೆ ಅರ್ಥ್ ತಂತಿ ಎಲ್ಲೋ ಸಡಿಲ. ಒಂದೇ ಸ್ಪೀಕರಿನಲ್ಲಿ ಮಾತ್ರ ಇದ್ದರೆ ಹೆಡ್‌ಶೆಲ್‌ನ (ಕಾರ್ಟ್ರಿಜ್ ಕೂರುವ ತಲೆಭಾಗದ) ನಾಲ್ಕು ಸಣ್ಣ ತಂತಿಗಳನ್ನು ನೋಡಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಆಮೇಲೆ ಟರ್ನ್‌ಟೇಬಲಿನ ಕೇಬಲ್ ಪ್ರೀಆಂಪಿನಿಂದ ಕಿತ್ತು ನೋಡಿ. ಗುಂಯ್ ಹೋದರೆ ತಪ್ಪು ಟರ್ನ್‌ಟೇಬಲಿನ ಕಡೆಯದ್ದು. ಹಾಗೇ ಉಳಿದರೆ ಪ್ರೀಆಂಪಿಗೂ ಆಂಪ್ಲಿಫೈಯರಿಗೂ ನಡುವೆ ಅರ್ಥ್ ಲೂಪ್ ಇರಬಹುದು, ಅಂದರೆ ಅರ್ಥಿಗೆ ಎರಡು ದಾರಿಗಳಾಗಿ ಅವುಗಳ ನಡುವೆ ಕರೆಂಟು ಸುತ್ತುವುದು. ಆಂಪ್ಲಿಫೈಯರಿಗೆ ಟಿವಿ ಜೋಡಿಸಿದ್ದರೆ ಕೇಬಲ್ ಟಿವಿ ಅಥವಾ ಡಿಶ್‌ನ ದಪ್ಪ ವಯರನ್ನು ಕಿತ್ತು ನೋಡಿ. ಲೂಪ್ ಎಷ್ಟೋ ಸಲ ಆ ದಾರಿಯಲ್ಲೇ ಬರುತ್ತದೆ. ಯುಎಸ್‌ಬಿಗೆ ಲ್ಯಾಪ್‌ಟಾಪ್ ಹಾಕಿದ್ದರೆ ಚಾರ್ಜರ್ ಕಿತ್ತು ನೋಡಿ.

ಗುಂಯ್ ಅಲ್ಲದೆ ಜುರ್ರ್ ಅನ್ನುವ ಒರಟು ಸದ್ದಾದರೆ ಕಾರಣ ಬೇರೆ. ನಮ್ಮ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂತು ಹಾಡು ಕೇಳುವವರು ಯಾರು? ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ನಡುವಿನ ಸ್ಪೀಡಿಗೆ ಇಟ್ಟಾಗ ಅದು ಕರೆಂಟಿನ ಅಲೆಯನ್ನು ಅರ್ಧಕ್ಕೆ ಕತ್ತರಿಸುತ್ತದೆ, ಆ ಕತ್ತರಿಸಿದ ಅಂಚೇ ಪ್ರೀಆಂಪಿಗೆ ನುಸುಳುವುದು. ಫ್ಯಾನನ್ನು ಪೂರ್ತಿ ಸ್ಪೀಡಿಗೆ ತಿರುಗಿಸಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಕೆಪಾಸಿಟರ್ ಬಳಸುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ, ಖರ್ಚು ದೊಡ್ಡದಲ್ಲ. ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಜುರ್ರ್ ಅಂದರೆ, ಅದು ಸ್ಕ್ವೇರ್ ವೇವ್ ಇನ್ವರ್ಟರ್. ಸೈನ್ ವೇವ್ ಆದರೆ ಈ ತೊಂದರೆ ಇರುವುದಿಲ್ಲ. ಅಷ್ಟು ಹೊತ್ತು ರೆಕಾರ್ಡು ನಿಲ್ಲಿಸಿದರೂ ಆಯಿತು.

ಹಂತ 8: ಹೋಲಿಸಿ ಕೇಳುವುದು

ಎರಡು ಪ್ರೀಆಂಪ್‌ಗಳ ಗೇನ್ ಒಂದೇ ಇರುವುದಿಲ್ಲ. ಸ್ವಲ್ಪ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ಒಪ್ಪಿಬಿಡುತ್ತದೆ. ಹಾಗಾಗಿ ಮೊಬೈಲಿನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿ, ಫೋನನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಒಂದೇ ಹಾಡಿನ ಒಂದೇ ತುಣುಕಿಗೆ ಎರಡರ ವಾಲ್ಯೂಮ್ ಸರಿಸಮ ಮಾಡಿ. ಇದನ್ನು ಮಾಡದೆ ಬರೆದ ಹೋಲಿಕೆಗಳನ್ನು ನಂಬಬೇಡಿ.

ಕೇಳುವುದಕ್ಕೆ ಹೊಸ ರೆಕಾರ್ಡು ಬೇಡ, ಬಾಯಿಪಾಠ ಆಗಿರುವ ರೆಕಾರ್ಡು ಹಾಕಿ. ಹಿಂದೂಸ್ತಾನಿ ಗಾಯನದ ಎಲ್‌ಪಿ ಇದ್ದರೆ ಗಾಯಕರು ದನಿ ತೆಗೆಯುವ ಮೊದಲಿನ ತಂಬೂರಿಗೆ ಕಿವಿ ಕೊಡಿ. ಸ್ಸ್ ಸದ್ದಿರುವ ಪ್ರೀಆಂಪಿನಲ್ಲಿ ತಂಬೂರಿ ಒಂದು ಒಟ್ಟು ಝೇಂಕಾರ ಮಾತ್ರ. ಒಳ್ಳೆಯದರಲ್ಲಿ ನಾಲ್ಕು ತಂತಿಗಳೂ ಬಿಡಿಬಿಡಿಯಾಗಿ, ಒಂದು ತಂತಿಯ ಬಾಲ ಮುಗಿಯುವ ಮೊದಲು ಇನ್ನೊಂದು ಏಳುವುದು ಕೇಳಿಸುತ್ತದೆ. ಇದು ಒಂದು ಸಲ ಸಿಕ್ಕಿತು ಅಂದರೆ ಹಿಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ತಬಲಾದ ಎಡದ ಗುಮ್ಕಿ (ಅಂಗೈ ಒತ್ತಿ ಜಾರಿಸುವ ನಾದ) ಊದಿಕೊಳ್ಳದೆ ಜಾರುತ್ತದಾ, ಸಿನಿಮಾ ಹಾಡಿನಲ್ಲಿ ಸ, ಶ ಚುಚ್ಚುತ್ತವಾ ಅಂತಲೂ ನೋಡಿ. ಚುಚ್ಚಿದರೆ ಕೆಪಾಸಿಟೆನ್ಸ್ ಸ್ವಿಚ್ಚನ್ನು ಇಳಿಸಿ ಮತ್ತೆ ಅದೇ ಸಾಲು ಕೇಳಿ. ಒಂದು ವಾರ ಕೇಳಿಯೂ ವ್ಯತ್ಯಾಸ ಸಿಗದಿದ್ದರೆ ವಾಪಸ್ ಮಾಡುವ ಅವಧಿಯೊಳಗೆ ವಾಪಸ್ ಮಾಡಿ, ಸುಮ್ನೆ ಇಟ್ಟುಕೊಳ್ಳಬೇಡಿ.

ಉಪ್ಪುಗಾಳಿ, ಮಳೆ, ಸಿಡಿಲು

ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಆರ್‌ಸಿಎ ಪಿನ್ನುಗಳ ಹೊಳಪು ಬೇಗ ಹೋಗುತ್ತದೆ, ಸಂದಿನಲ್ಲಿ ಹಸಿರು ಕಟ್ಟುತ್ತದೆ. ಐದು ಮಿಲಿವೋಲ್ಟಿನ ಸಿಗ್ನಲಿಗೆ ಆ ಹಸಿರು ಪದರವೇ ದೊಡ್ಡ ತಡೆ. ಒಂದು ಬದಿ ಆಗಾಗ ಮಂಕಾಗುತ್ತದೆ, ಕರಕರ ಅನ್ನುತ್ತದೆ ಅಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಎಲ್ಲ ಆಫ್ ಮಾಡಿ, ಪಿನ್ನುಗಳನ್ನು ಎರಡು ಮೂರು ಸಲ ತಿರುಗಿಸಿ ತೆಗೆದು ಹಾಕಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೆಡ್‌ಶೆಲ್‌ನ ಪಿನ್ನುಗಳಿಗೂ ಇದೇ ಉಪಚಾರ. ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಮಾಡಿದರೆ ಸಾಕು. ಚಿನ್ನದ ಲೇಪ ಇರುವ ಪ್ಲಗ್ಗುಗಳಿಗೆ ನಮ್ಮಲ್ಲಿ ಕೊಡುವ ದುಡ್ಡು ದಂಡವಲ್ಲ.

ಮೇ ತಿಂಗಳ ಸಂಜೆಯ ಸಿಡಿಲಿಗೆ ಸ್ವಿಚ್ ಆಫ್ ಮಾಡುವುದು ಸಾಲದು, ಪ್ಲಗ್ಗು ಕಿತ್ತಿಡಬೇಕು. ಟಿವಿಯ ಕೇಬಲ್ ವಯರೂ ಆಂಪ್ಲಿಫೈಯರಿಗೆ ತಾಗಿರದಂತೆ ನೋಡಿಕೊಳ್ಳಿ.

78ರ ರೆಕಾರ್ಡು ಇರುವವರಿಗೆ

ಉಡುಪಿ ಬಳಿಯ ಆರೂರಿನವರೇ ಆದ ಪಿ. ಕಾಳಿಂಗರಾಯರ ಕಾಲದ 78 ಆರ್‌ಪಿಎಂ ರೆಕಾರ್ಡು ಮನೆಯಲ್ಲಿ ಇದ್ದರೆ, ಹೊಸ ಪ್ರೀಆಂಪಿನಲ್ಲಿ ಅದನ್ನು ಕೇಳುವ ಆಸೆ ಸಹಜ. ಎಲ್‌ಪಿಯ ಸೂಜಿ ಅದಕ್ಕೆ ಆಗುವುದಿಲ್ಲ. 78ರ ಗೀರು ಅಗಲ, ಸುಮಾರು 3 ಮಿಲ್‌ನ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಸೂಜಿ ಬೇಕು, ಎಲ್‌ಪಿಯದ್ದು 0.7 ಮಿಲ್ ಆಸುಪಾಸು. ವಿಎಂ95 ಸರಣಿಯಲ್ಲಿ 78ಕ್ಕೆಂದೇ ಸೂಜಿ ಸಿಗುತ್ತದೆ, ಅದೇ ಕಾರ್ಟ್ರಿಜ್‌ಗೆ ಕೂರುತ್ತದೆ. ಟರ್ನ್‌ಟೇಬಲಿನಲ್ಲಿ 78ರ ವೇಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಆ ರೆಕಾರ್ಡುಗಳಲ್ಲಿ ಬಹುಪಾಲು ಆರ್‌ಐಎಎಗಿಂತ ಹಿಂದಿನವು, ಬೇರೆ ಬೇರೆ ರೇಖೆಯಲ್ಲಿ ಕತ್ತರಿಸಿದವು. ಸಾಮಾನ್ಯ ಪ್ರೀಆಂಪಿನಲ್ಲಿ ಹಾಕಿದರೆ ಟ್ರೆಬಲ್ ಸ್ವಲ್ಪ ಮಂಕಾಗಿ ಬರುತ್ತದೆ, ಆಂಪ್ಲಿಫೈಯರಿನ ಟೋನ್ ಗುಂಡಿಯಲ್ಲಿ ಸರಿಮಾಡಿಕೊಳ್ಳಿ. ಬರೀ 78ನ್ನೇ ಕೇಳುವವರಲ್ಲದಿದ್ದರೆ ಇದಕ್ಕೆಂದೇ ಬೇರೆ ಪ್ರೀಆಂಪ್ ಕೊಳ್ಳುವುದು ಬೇಡ. ಆದರೆ ಮೋನೋ ಸ್ವಿಚ್ ಇದ್ದರೆ ತಪ್ಪದೆ ಹಾಕಿ. ಹಾಡು ಇರುವುದು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿಯುವುದರಿಂದ ಬರುವ ಸದ್ದು ಎರಡೂ ಬದಿ ಸೇರಿಸಿದಾಗ ತಾನಾಗಿ ರದ್ದಾಗುತ್ತದೆ, ಚಟಪಟ ಬಹಳ ಕಡಿಮೆಯಾಗುತ್ತದೆ.

ತೊಳೆಯುವಾಗ ಮಾತ್ರ ಜಾಗ್ರತೆ. ಬೂಸ್ಟು ಹಿಡಿದ ಎಲ್‌ಪಿಗೆ ಡಿಸ್ಟಿಲ್ಡ್ ವಾಟರಿನಲ್ಲಿ ಸ್ವಲ್ಪ ಐಸೋಪ್ರೊಪೈಲ್ ಬೆರೆಸಬಹುದು. 78ರ ರೆಕಾರ್ಡು ಅರಗಿನದ್ದು, ಆಲ್ಕೋಹಾಲ್ ತಾಗಿದರೆ ಕರಗುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಅಷ್ಟೇ. ನಡುವಿನ ಲೇಬಲ್ ಒದ್ದೆಯಾಗದಂತೆ ಹಿಡಿದು, ಮೆತ್ತಗಿನ ಬ್ರಷ್‌ನಿಂದ ಗೀರಿನ ಗುಂಟ ಸುತ್ತಾಗಿ ಉಜ್ಜಿ, ನೆರಳಲ್ಲಿ ನಿಲ್ಲಿಸಿ ಪೂರ್ತಿ ಒಣಗಿದ ಮೇಲೆಯೇ ಹೊಸ ಕವರಿಗೆ ಹಾಕಿ.